ರೊಟ್ಟಿ ಬಡಿಯುವ ಹೊತ್ತಿಗೆ ಪುಸ್ತಕ ತೆರೆಯಲಿ

(ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರ ಪೋಷಕರ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ಸಭೆ ಶುರುವಾಗುವ ಮುನ್ನ ಶಾಲೆಯ ಗೇಟಿನ ಬಳಿ ತಾಯಿಯೊಬ್ಬರು ನನ್ನನ್ನು ನಿಲ್ಲಿಸಿ, ‘ಸರ್, ನಮಗ ಓದ್ಲಿಕ್ ಬರಲ್ಲ, ಬರೀಲಿಕ್ ಬರಲ್ಲ. ಹುಡುಗ ಮನ್ಯಾಗ ಬರೀಲಿಕ್ ಕುಂತ್ರ ನಾವ್ ಏನ್ ಹೇಳಿಕೊಡೋಣ್ರಿ?’ ಎಂದು ಕೇಳಿದರು. ನಾನು ಬರೆದುಕೊಂಡು ಬಂದ ಟಿಪ್ಪಣಿಯಲ್ಲಿ ಈ ಪ್ರಶ್ನೆ ಕಡೆಯ ಪುಟದಲ್ಲಿತ್ತು. ಆದರೆ ಇಲ್ಲಿ ಕುಳಿತಿರುವ ಬಹಳಷ್ಟು ಜನರ ಮನಸ್ಸಿನಲ್ಲಿ ಇರುವುದು ಇದೇ ಎಂದು ನನಗೆ ತೋರುವುದರಿಂದ ಇಲ್ಲಿಂದಲೇ ಆರಂಭಿಸುತ್ತೇನೆ. ಆ ತಾಯಿಗೆ ನಾನು ಹೇಳಿದ್ದು ಇಷ್ಟು: ಹೇಳಿಕೊಡುವುದು ನಿಮ್ಮ ಕೆಲಸವಲ್ಲ, ಅದಕ್ಕಾಗಿ ಸರ್ಕಾರ ಮಾಸ್ತರರಿಗೆ ಸಂಬಳ ಕೊಡುತ್ತದೆ. ದಿನವೂ ಒಂದೇ ಹೊತ್ತಿಗೆ ಮಗುವನ್ನು ಕೂರಿಸುವುದು, ಬರೆದು ಮುಗಿಸಿದ ಮೇಲೆ ಏನು ಮಾಡಿದೆ ಎಂದು ಕೇಳುವುದು, ಇವಿಷ್ಟೇ ನಿಮ್ಮವು. ಇವೆರಡಕ್ಕೂ ಅಕ್ಷರ ಬೇಕಿಲ್ಲ. ಮುಂದಿನ ಮುಕ್ಕಾಲು ಗಂಟೆ ನಾನು ಆಡುವುದೆಲ್ಲ ಈ ಮಾತಿನ ವಿವರಣೆಯೇ.

ಈ ಅಳುಕು ನಮ್ಮ ಭಾಗದಲ್ಲಿ ಹೆಚ್ಚಾಗಿರುವುದಕ್ಕೆ ಕಾರಣವಿದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ 75ರಷ್ಟಿದ್ದಾಗ ಕಲಬುರಗಿ ಜಿಲ್ಲೆಯದು 65ರಷ್ಟಿತ್ತು; ಪಕ್ಕದ ಯಾದಗಿರಿಯದು ಸುಮಾರು 52, ಅದು ಇಡೀ ರಾಜ್ಯದಲ್ಲೇ ಕಡಿಮೆ. ಅಂದು ಅಕ್ಷರದಿಂದ ಹೊರಗುಳಿದವರೇ ಇಂದು ಶಾಲೆಗೆ ಹೋಗುವ ಮಕ್ಕಳ ತಂದೆತಾಯಿಗಳು, ಅಜ್ಜ ಅಜ್ಜಿಯರು. ತಮಗೆ ಬಾರದ ವಿದ್ಯೆಯ ಬಗ್ಗೆ ಮಗನನ್ನು ಏನೆಂದು ವಿಚಾರಿಸುವುದು ಎಂದು ಅವರು ಸುಮ್ಮನಾಗುತ್ತಾರೆ, ಆ ಮೌನವನ್ನು ಮಗು ಬೇಗನೆ ಅರ್ಥ ಮಾಡಿಕೊಳ್ಳುತ್ತದೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ರಾಜ್ಯದ ಕೊನೆಯ ಸ್ಥಾನಕ್ಕೆ ಇಳಿದಾಗ ಶಿಕ್ಷಕರ ಕೊರತೆಯ ಮಾತು ಎಲ್ಲೆಡೆ ಕೇಳಿಬಂತು. ಆ ಮಾತು ಸುಳ್ಳಲ್ಲ; ಒಂದು ವರ್ಷ ನಾನೇ ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಮಾಡಿದ್ದೇನೆ. ಬಡ್ತಿ ಪಡೆದು ಪ್ರೌಢಶಾಲೆಗೆ ಹೋದ ಮೇಲೆ ಹತ್ತನೆಯ ತರಗತಿಯ ಮಕ್ಕಳಿಗೆ ಜನವರಿಯಿಂದ ಸಂಜೆಯ ವಿಶೇಷ ತರಗತಿಗಳನ್ನೂ ನಡೆಸಿದ್ದೇನೆ. ಅಲ್ಲಿ ನಾನು ಕಂಡದ್ದೇನೆಂದರೆ, ಪಾಠ ತಿಳಿಯದ ಮಕ್ಕಳಿಗಿಂತಲೂ ಅರ್ಧ ಗಂಟೆ ಒಂದೇ ಕಡೆ ಕುಳಿತು ತಾವಾಗಿ ಬರೆಯಲು ರೂಢಿಯಿಲ್ಲದ ಮಕ್ಕಳೇ ಹೆಚ್ಚು. ಮೂರನೆಯ ತರಗತಿಯಲ್ಲಿ ಆಗಬೇಕಾಗಿದ್ದ ರೂಢಿಯನ್ನು ಹತ್ತನೆಯ ತರಗತಿಯಲ್ಲಿ ಮೂರು ತಿಂಗಳಿನಲ್ಲಿ ತರಲು ನನ್ನಿಂದ ಆಗಲಿಲ್ಲ. ನಮ್ಮ ಭಾಗದ ಮಕ್ಕಳಿಗೆಂದು ಸಂವಿಧಾನದ 371(ಜೆ) ವಿಧಿಯಲ್ಲಿ ಕಾಲೇಜು ಸೀಟು, ನೌಕರಿಗಳ ಮೀಸಲಾತಿ ಇದೆ. ಆದರೆ ಅದರ ಬಾಗಿಲು ತೆರೆಯುವುದು ಹತ್ತನೆಯ ತರಗತಿ ದಾಟಿದವರಿಗೆ ಮಾತ್ರ.

ಇಲ್ಲಿ ಒಂದು ಪದದ ಬಗ್ಗೆ ಸ್ವಲ್ಪ ಆಚೀಚೆ ಹೋಗಲು ಅನುಮತಿ ಕೊಡಿ. ಹೋಂವರ್ಕ್ ಎಂಬುದಕ್ಕೆ ಕನ್ನಡದಲ್ಲಿ ಕೆಲವರು ಗೃಹಪಾಠ ಎಂದೂ ಕೆಲವರು ಮನೆಗೆಲಸ ಎಂದೂ ಬರೆಯುತ್ತಾರೆ. ಎರಡನೆಯ ಪದವನ್ನು ನಾನು ಬಳಸುವುದಿಲ್ಲ. ಒಮ್ಮೆ ಐದನೆಯ ತರಗತಿಯಲ್ಲಿ ‘ಮನೆಗೆಲಸ ಮಾಡಿದವರು ಕೈ ಎತ್ತಿ’ ಎಂದಾಗ ಹುಡುಗಿಯೊಬ್ಬಳು ಎದ್ದು ನಿಂತು, ಕಸ ಹೊಡೆದದ್ದು, ನೀರು ತಂದದ್ದು, ತಮ್ಮನಿಗೆ ಉಣಿಸಿದ್ದು, ಎಲ್ಲವನ್ನೂ ಒಪ್ಪಿಸಿದಳು. ತರಗತಿ ನಕ್ಕಿತು, ನಾನೂ ನಕ್ಕೆ. ಅವಳ ನೋಟ್‌ಬುಕ್ ಖಾಲಿಯಿತ್ತು. ಆ ಖಾಲಿ ಪುಟಕ್ಕೂ ಅವಳು ಒಪ್ಪಿಸಿದ ಪಟ್ಟಿಗೂ ಇರುವ ಸಂಬಂಧ ಹೊಳೆಯಲು ನನಗೆ ಕೆಲವು ವರ್ಷಗಳೇ ಬೇಕಾದವು.

ಅದು ಹೊಳೆದದ್ದು ಇನ್ನೊಂದು ಪ್ರಸಂಗದಿಂದ. ಸೇವೆಯ ಆರಂಭದ ದಿನಗಳಲ್ಲಿ ನಾನೂ ‘ಹತ್ತು ಸಲ ಬರೆದುಕೊಂಡು ಬಾ’ ಎನ್ನುವ ಮಾಸ್ತರನೇ ಆಗಿದ್ದೆ. ಎರಡು ಪೆನ್ನುಗಳನ್ನು ದಾರದಿಂದ ಬಿಗಿದು ಒಮ್ಮೆಗೇ ಎರಡು ಸಾಲು ಬರೆಯುವ ಹುಡುಗರನ್ನು ಹಿಡಿದು ಗದರಿಸುತ್ತಿದ್ದೆನೇ ಹೊರತು, ಅಂಥ ಉಪಾಯ ಹುಡುಕುವಷ್ಟು ಬೇಸರದ ಕೆಲಸವನ್ನು ಕೊಟ್ಟವನು ಯಾರು ಎಂದು ಯೋಚಿಸಿರಲಿಲ್ಲ. ಅದೇ ತರಗತಿಯ ಒಬ್ಬ ಹುಡುಗನ ಬರಹ ಮಾತ್ರ ಮುತ್ತು ಪೋಣಿಸಿದಂತೆ ಇರುತ್ತಿತ್ತು. ವರ್ಷವಿಡೀ ಅವನ ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ‘ಉತ್ತಮ’ ಎಂದು ಬರೆದೆ. ಪರೀಕ್ಷೆಯ ದಿನ ಅವನ ಉತ್ತರ ಪತ್ರಿಕೆ ನೋಡಿದರೆ ಅಕ್ಷರವೇ ಬೇರೆ, ಒತ್ತಕ್ಷರಗಳೆಲ್ಲ ತಪ್ಪು. ವಿಚಾರಿಸಿದಾಗ ಗೊತ್ತಾಯಿತು: ಏಳನೆಯ ತರಗತಿಗೆ ಶಾಲೆ ಬಿಡಿಸಿಕೊಂಡಿದ್ದ ಅವನ ಅಕ್ಕ ರಾತ್ರಿ ರೊಟ್ಟಿ ಮಾಡಿ, ಭಾಂಡೆ ತಿಕ್ಕಿ, ಎಲ್ಲರೂ ಮಲಗಿದ ಮೇಲೆ ತಮ್ಮನ ಹೋಂವರ್ಕ್ ಬರೆಯುತ್ತಿದ್ದಳು. ನಾನು ‘ಉತ್ತಮ’ ಎಂದದ್ದೆಲ್ಲ ಅವಳಿಗೆ. ಅವಳನ್ನು ಮರಳಿ ಶಾಲೆಗೆ ಕಳುಹಿಸಿ ಎಂದು ಎರಡು ಸಲ ಆ ಮನೆಗೆ ಹೋದೆ. ಎರಡನೆಯ ಸಲ ಹೋದಾಗ ಅವಳ ಮದುವೆ ಗೊತ್ತಾಗಿತ್ತು. ಆದ್ದರಿಂದ ಇವತ್ತು ಹೋಂವರ್ಕಿನ ಅಭ್ಯಾಸದ ಬಗ್ಗೆ ಮಾತನಾಡುವಾಗ ನನ್ನ ಮೊದಲ ಬೇಡಿಕೆ ಇದು: ಮಗ ಬರೆಯುವ ಹೊತ್ತಿಗೆ ಮಗಳೂ ಬರೆಯಲು ಕುಳಿತಿರಬೇಕು. ಆ ಅರ್ಧ ಗಂಟೆ ಅವಳನ್ನು ನೀರಿಗೆ ಕರೆಯಬಾರದು, ಕೂಸನ್ನು ಎತ್ತಿಕೊಳ್ಳಲು ಹೇಳಬಾರದು.

ಅರ್ಧ ಗಂಟೆ ಎಂದೆ. ಎಷ್ಟು ಹೊತ್ತು ಕೂರಿಸಬೇಕು ಎಂಬುದರಲ್ಲಿ ನಮಗೆ ಬಹಳ ತಪ್ಪು ತಿಳಿವಳಿಕೆ ಇದೆ. ಕೇಂದ್ರ ಶಿಕ್ಷಣ ಸಚಿವಾಲಯ 2020ರಲ್ಲಿ ಹೊರಡಿಸಿದ ಶಾಲಾ ಚೀಲ ನೀತಿಯ ಪ್ರಕಾರ ಎರಡನೆಯ ತರಗತಿಯವರೆಗೆ ಹೋಂವರ್ಕ್ ಕೊಡಬಾರದು; 3ರಿಂದ 5ನೆಯ ತರಗತಿಯವರೆಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ, 6ರಿಂದ 8ರವರೆಗೆ ದಿನಕ್ಕೆ 1 ಗಂಟೆ, 9ರ ಮೇಲೆ ದಿನಕ್ಕೆ 2 ಗಂಟೆ. ವಾರಕ್ಕೆ 2 ಗಂಟೆ ಎಂದರೆ ಆರು ದಿನಕ್ಕೆ ಹಂಚಿದಾಗ ದಿನಕ್ಕೆ ಬರುವುದು 20 ನಿಮಿಷ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು ಹಲವು ವರ್ಷಗಳ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ಬರಹದಲ್ಲಿಯೂ, ಹೋಂವರ್ಕಿಗೂ ಅಂಕಗಳಿಗೂ ಇರುವ ನಂಟು ದೊಡ್ಡ ತರಗತಿಗಳಲ್ಲಿ ಗಟ್ಟಿಯಾಗಿ, ಸಣ್ಣ ತರಗತಿಗಳಲ್ಲಿ ತೀರ ತೆಳುವಾಗಿ ಕಂಡಿದೆ. ಹಾಗಾದರೆ ಸಣ್ಣ ಮಕ್ಕಳಿಗೆ ಹೋಂವರ್ಕ್ ಏಕೆ ಎಂದು ಕೇಳಬಹುದು. ಅಂಕಕ್ಕಾಗಿ ಅಲ್ಲ, ಕೂರುವ ರೂಢಿಗಾಗಿ. ಪಟ್ಟಣದ ಕೆಲವು ಶಾಲೆಗಳಲ್ಲಿ ಇನ್ನೂ ಪೆನ್ಸಿಲ್ ಹಿಡಿಯಲು ಬೆರಳು ಬಲಿಯದ ಎಲ್‌ಕೆಜಿ ಕೂಸುಗಳಿಗೆ ನಾಲ್ಕು ಪುಟ ಬರೆಸುವುದನ್ನು ಕಂಡು ‘ನಮ್ಮ ಶಾಲ್ಯಾಗ ಏನೂ ಕೊಡಂಗಿಲ್ಲ’ ಎಂದು ಕೊರಗುವವರು ನಿಮ್ಮಲ್ಲಿದ್ದರೆ, ದಯವಿಟ್ಟು ಆ ಕೊರಗನ್ನು ಇಲ್ಲೇ ಬಿಟ್ಟುಹೋಗಿ.

ಇನ್ನು ಹೊತ್ತಿನ ವಿಷಯ. ನಮ್ಮಲ್ಲಿ ಬಹಳ ಮನೆಗಳಲ್ಲಿ ಗೋಡೆ ಗಡಿಯಾರ ನಿಂತಿರುತ್ತದೆ ಅಥವಾ ಅದರ ಕಡೆ ಯಾರೂ ನೋಡುವುದಿಲ್ಲ. ‘ಸಂಜೆ ಆರೂವರೆಗೆ ಓದಲು ಕೂರಬೇಕು’ ಎಂಬ ವೇಳಾಪಟ್ಟಿ ಬರೆದು ಅಂಟಿಸಿದರೆ ನಾಲ್ಕು ದಿನ ನಡೆಯುತ್ತದೆ. ಆದರೆ ಪ್ರತಿ ಮನೆಯಲ್ಲಿಯೂ ಗಡಿಯಾರವಿಲ್ಲದೆ ತಪ್ಪದೆ ನಡೆಯುವ ಒಂದು ಕೆಲಸ ಇದ್ದೇ ಇರುತ್ತದೆ, ಅದು ಸಂಜೆಯ ರೊಟ್ಟಿ. ಖಾನಾವಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಿದ್ದ ಒಬ್ಬ ತಾಯಿಯನ್ನು ನಾನು ಬಲ್ಲೆ. ಅವರಿಗೆ ಸಹಿ ಮಾಡಲು ಬರುತ್ತಿತ್ತು, ಅಷ್ಟೇ. ಒಲೆ ಹೊತ್ತಿಸಿ ಹಿಟ್ಟು ನಾದಲು ಕುಳಿತರೆಂದರೆ ಇಬ್ಬರು ಮಕ್ಕಳೂ ಪಾಟಿಚೀಲ ತೆಗೆದುಕೊಂಡು ಒಲೆಯ ಹೊಗೆ ತಾಗದಷ್ಟು ದೂರದಲ್ಲಿ ಕೂರಬೇಕು, ಕೊನೆಯ ರೊಟ್ಟಿ ಹಂಚಿನಿಂದ ಇಳಿಯುವವರೆಗೆ ಏಳುವಂತಿಲ್ಲ. ರೊಟ್ಟಿ ಬಡಿಯುವ ಸದ್ದಿಗೆ ಸರಿಯಾಗಿ ಚಿಕ್ಕವನು ಮಗ್ಗಿ ಹೇಳುತ್ತಿದ್ದ; ಮಗ್ಗಿ ತಪ್ಪಿದರೆ ತಾಯಿಗೆ ಲೆಕ್ಕ ಗೊತ್ತಾಗುತ್ತಿರಲಿಲ್ಲ, ಆದರೆ ತಾಳ ತಪ್ಪಿದ್ದು ಗೊತ್ತಾಗುತ್ತಿತ್ತು, ‘ಮತ್ತೊಮ್ಮೆ ಹೇಳಪ್ಪ’ ಎನ್ನುತ್ತಿದ್ದರು. ರೊಟ್ಟಿ ಮುಗಿದ ಮೇಲೆ ಕೈ ತೊಳೆದುಕೊಂಡು ಇಬ್ಬರ ನೋಟ್‌ಬುಕ್ಕನ್ನೂ ತಿರುವಿ ಹಾಕುತ್ತಿದ್ದರು. ಅವರು ನೋಡುತ್ತಿದ್ದದ್ದು ಎರಡನ್ನು ಮಾತ್ರ: ಇವತ್ತಿನ ಪುಟ ತುಂಬಿದೆಯೇ, ನಿನ್ನೆಯ ಪುಟಕ್ಕೆ ಕೆಂಪು ಶಾಯಿ ಬಿದ್ದಿದೆಯೇ. ಕೆಂಪು ಶಾಯಿ ಇಲ್ಲದಿದ್ದರೆ ಮರುದಿನ ಶಾಲೆಯ ಗೇಟಿಗೆ ಬಂದು ನನ್ನನ್ನೇ ಕೇಳುತ್ತಿದ್ದರು. ನಿಜ ಹೇಳಬೇಕೆಂದರೆ ಆ ಊರಿನಲ್ಲಿ ನಾನು ಅಧಿಕಾರಿಗಳಿಗಿಂತ ಹೆಚ್ಚು ಹೆದರುತ್ತಿದ್ದದ್ದು ಅವರಿಗೆ.

ಆ ತಾಯಿ ಯಾವ ಪುಸ್ತಕವನ್ನೂ ಓದದೆ ಕಂಡುಕೊಂಡಿದ್ದನ್ನು ಅಭ್ಯಾಸಗಳ ಬಗ್ಗೆ ಸಂಶೋಧನೆ ಮಾಡಿದವರು ಇನ್ನೊಂದು ಭಾಷೆಯಲ್ಲಿ ಹೇಳುತ್ತಾರೆ. ಹೊಸ ರೂಢಿಯನ್ನು ಈಗಾಗಲೇ ಇರುವ ಒಂದು ರೂಢಿಗೆ ಗಂಟು ಹಾಕಬೇಕು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊಟದ ನಂತರ, ಚಹದ ನಂತರ ಎಂಬಂತೆ ದಿನವೂ ಒಂದೇ ಸಂದರ್ಭದಲ್ಲಿ ಮಾಡಿದ ಸಣ್ಣ ಕೆಲಸವು ತಾನಾಗಿ ನಡೆಯುವ ಹಂತಕ್ಕೆ ಬರಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನ ಬೇಕಾಗುವ ಅಂದಾಜು ಬಂತು. ಆ ಜನ ದೊಡ್ಡವರು, ತಾವೇ ಆರಿಸಿಕೊಂಡ ಕೆಲಸ ಮಾಡಿದವರು ಎಂಬುದು ನೆನಪಿರಲಿ. ಮಕ್ಕಳ ವಿಷಯದಲ್ಲಿ ಅದೇ ಲೆಕ್ಕ ಹಿಡಿಯಲಾಗದು. ಆದರೂ ಎರಡು ಸಂಗತಿ ನಮಗೆ ಉಪಯೋಗಕ್ಕೆ ಬರುತ್ತವೆ. ಜೂನ್ ತಿಂಗಳಲ್ಲಿ ಶುರು ಮಾಡಿದರೆ ಶ್ರಾವಣ ಮುಗಿಯುವವರೆಗೆ ನೀವು ದಿನವೂ ಕರೆದು ಕೂರಿಸಬೇಕಾಗುತ್ತದೆ, ಹದಿನೈದು ದಿನಕ್ಕೆ ಬೇಸತ್ತು ‘ಇವನ ಹಣೆಬರಹ ಇಷ್ಟೇ’ ಎನ್ನುವಂತಿಲ್ಲ. ಇನ್ನೊಂದು, ನಡುವೆ ಒಂದು ದಿನ ತಪ್ಪಿದರೆ ಕಟ್ಟಿದ್ದೆಲ್ಲ ಬಿದ್ದುಹೋಗುವುದಿಲ್ಲ ಎಂದು ಅದೇ ಅಧ್ಯಯನ ಹೇಳುತ್ತದೆ. ಜಾತ್ರೆಗೆ ಹೋಗಿ ಬನ್ನಿ, ಮರುದಿನ ಸಂಜೆ ಮತ್ತೆ ಕೂರಿಸಿ.

ಜಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಓದುವ ಕೋಣೆ, ಮೇಜು, ಕುರ್ಚಿ ಎಂಬ ಸಲಹೆಗಳು ಒಂದೇ ಕೋಣೆಯ ಮನೆಗೆ ಹೊಂದುವುದಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೂರುವ ಒಂದು ಮೂಲೆ ಇದ್ದರೆ ಸಾಕು, ದಿನವೂ ಅದೇ ಮೂಲೆಯಾಗಿರಬೇಕು. ನಮ್ಮ ಮನೆಗಳ ನೆಲಕ್ಕೆಲ್ಲ ಶಹಾಬಾದ್ ಪರಸಿ ಕಲ್ಲು ಹಾಸಿರುತ್ತದೆ, ಇದರಷ್ಟು ಒಳ್ಳೆಯ ಪಾಟಿ ಬೇರೊಂದಿಲ್ಲ. ಲೆಕ್ಕವನ್ನು ಮೊದಲು ಪರಸಿಯ ಮೇಲೆ ಬಳಪದಿಂದ ಮಾಡಿ, ತಪ್ಪಿದರೆ ಒದ್ದೆ ಅರಿವೆಯಿಂದ ಒರೆಸಿ ಮತ್ತೆ ಮಾಡುವ ಮಗುವಿಗೆ ತಪ್ಪಿನ ಭಯ ಇರುವುದಿಲ್ಲ. ನೋಟ್‌ಬುಕ್ಕಿನಲ್ಲಿ ತಪ್ಪಿದರೆ ಬೈಗುಳ ಬೀಳುತ್ತದೆ ಎಂದು ಅಂಜಿ ಗೈಡ್ ನೋಡಿ ಇಳಿಸಿಕೊಳ್ಳುವ ಮಕ್ಕಳು ಪರಸಿಯ ಮೇಲೆ ಧೈರ್ಯವಾಗಿ ಮಾಡುವುದನ್ನು ನಾನು ನೋಡಿದ್ದೇನೆ. ಮಾರ್ಚ್ ಬಂತೆಂದರೆ ಸಂಜೆಯ ಹೊತ್ತು ಹೊಂದುವುದಿಲ್ಲ, ಮನೆ ಒಲೆಯಂತೆ ಕಾದಿರುತ್ತದೆ. ಬೇಸಿಗೆಯಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವೆ ಎಂದ ಮೇಲೆ ಮಕ್ಕಳ ಓದನ್ನೂ ಬೆಳಗಿನ ಚಹದ ಹೊತ್ತಿಗೆ ತರುವುದರಲ್ಲಿ ತಪ್ಪಿಲ್ಲ. ಹೊತ್ತು ಬದಲಾದರೂ ಗಂಟು ಮಾತ್ರ ಇರಲಿ: ಅಲ್ಲಿ ರೊಟ್ಟಿ, ಇಲ್ಲಿ ಚಹ.

ಈಗ ಕೇಳುವ ವಿಷಯಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಇದೇ ಅತಿ ಮುಖ್ಯವಾದ ಭಾಗ. ಮಗು ಬರೆದು ಮುಗಿಸಿದ ಮೇಲೆ ಪುಸ್ತಕ ಮುಚ್ಚಿಸಿ, ‘ಇವತ್ತಿನ ಪಾಠದಾಗ ಏನಿತ್ತವ್ವಾ, ನನಗ ಹೇಳು’ ಎಂದು ಕೇಳಿ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟು, ಕೆಲವರಿಗೆ ಮತ್ತೆ ಮತ್ತೆ ಓದಲು, ಕೆಲವರಿಗೆ ಓದಿದ್ದನ್ನು ನೋಡದೆ ನೆನಪಿನಿಂದ ಬರೆಯಲು ಹೇಳಿದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ನೆನಪಿನಿಂದ ಬರೆದವರು ಮುಂದೆ ಹೋಗಿದ್ದರು. ಹತ್ತು ಸಲ ನೋಡಿ ಬರೆಸುತ್ತಿದ್ದ ನನ್ನಂಥ ಮಾಸ್ತರರು ಇದನ್ನು ತಡವಾಗಿ ಕಲಿತೆವು. ಇಲ್ಲಿ ಓದು ಬಾರದ ತಾಯಿಗೆ ಒಂದು ಅನುಕೂಲವಿದೆ. ಓದು ಬಲ್ಲ ತಂದೆ ಪುಸ್ತಕ ಹಿಡಿದು ‘ಅಲ್ಲ, ಈ ಪದ ಬಿಟ್ಟಿ’ ಎಂದು ಒಂದೊಂದು ಅಕ್ಷರ ತಿದ್ದಲು ಹೋಗಿ ಮಗುವಿನ ಬಾಯಿ ಕಟ್ಟಿಸುತ್ತಾನೆ. ಪಾಠ ಗೊತ್ತಿಲ್ಲದ ತಾಯಿಗೆ ನಿಜವಾಗಿಯೂ ತಿಳಿಸಿ ಹೇಳಬೇಕಾಗುತ್ತದೆ. ‘ಮಳಿ ಹ್ಯಾಂಗ ಬರ್ತದಂತ?’ ಎಂದು ಅವಳು ಕೇಳಿದಾಗ ಆವಿ, ಮೋಡ, ಹನಿ ಎಂದು ಮಗು ತನ್ನ ಮಾತಿನಲ್ಲಿ ಜೋಡಿಸಲೇಬೇಕು. ಅವಳಿಗೆ ತಿಳಿಯಲಿಲ್ಲವೆಂದರೆ ಮಗುವಿಗೂ ಎಲ್ಲಿಯೋ ತಿಳಿದಿಲ್ಲವೆಂದು ಅರ್ಥ.

ಆ ಹೇಳುವಿಕೆ ಕನ್ನಡದಲ್ಲೇ ಆಗಬೇಕೆಂದಿಲ್ಲ. ನಮ್ಮ ಜಿಲ್ಲೆಗಳ ತರಗತಿಗಳನ್ನು ಹೊರಗಿನವರು ಬಂದು ನೋಡಿದರೆ ಅಚ್ಚರಿಪಡುತ್ತಾರೆ: ಒಂದೇ ಸಾಲಿನಲ್ಲಿ ಮನೆಯಲ್ಲಿ ದಖನಿ ಉರ್ದು ಆಡುವ ಮಗು, ತಾಂಡಾದಿಂದ ಬಂದ ಲಂಬಾಣಿ ಮಗು, ಸೇಡಂ ಕಡೆಗೆ ಹೋದರೆ ತೆಲುಗಿನ ಮಗು, ಬೀದರ್ ಜಿಲ್ಲೆಯ ಔರಾದ್, ಭಾಲ್ಕಿಯ ಕಡೆ ಮರಾಠಿಯ ಮಗು. ‘ನಮ್ಮ ಮನೆಯಲ್ಲಿ ಕನ್ನಡ ಆಡುವುದಿಲ್ಲ, ಅದಕ್ಕೇ ಇವನು ಹಿಂದೆ’ ಎಂದು ಅಂಥ ತಾಯಂದಿರು ತಪ್ಪಿತಸ್ಥರಂತೆ ಮಾತನಾಡುತ್ತಾರೆ. ಕನ್ನಡದಲ್ಲಿ ಓದಿದ ಪಾಠವನ್ನು ಲಂಬಾಣಿಯಲ್ಲಿ ತನ್ನ ಯಾಡಿಗೆ, ಅಂದರೆ ತಾಯಿಗೆ, ಹೇಳುವ ಮಗು ಅದನ್ನು ಬಾಯಿಪಾಠ ಮಾಡಿ ಪಾರಾಗಲು ಸಾಧ್ಯವೇ ಇಲ್ಲ. ಅರ್ಥ ಮಾಡಿಕೊಂಡಿದ್ದರೆ ಮಾತ್ರ ಹೇಳಬಲ್ಲದು. ಮನೆಯ ಮಾತು ಯಾವುದೇ ಇರಲಿ, ಪಾಠದ ಮಾತು ಅದರಲ್ಲಿ ನಡೆಯಲಿ.

ಮೊಬೈಲಿನ ಬಗ್ಗೆ ನಿಮ್ಮಲ್ಲಿ ಅನೇಕರು ಕೇಳುತ್ತೀರೆಂದು ಗೊತ್ತಿದೆ. ಕೊರೊನಾ ಕಾಲದಲ್ಲಿ ಹೋಂವರ್ಕನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುವ ರೂಢಿ ಶುರುವಾಯಿತು, ಕೆಲವು ಕಡೆ ಅದು ಇಂದಿಗೂ ನಿಂತಿಲ್ಲ. ಅಲ್ಲಿ ಹಾಕಿದ್ದನ್ನು ಮಗು ನೋಟ್‌ಬುಕ್ಕಿಗೆ ಇಳಿಸಿಕೊಂಡ ಕೂಡಲೇ ಫೋನನ್ನು ಕೈಯಿಂದ ತೆಗೆದುಕೊಳ್ಳಿ. ನೀವು ರೀಲ್ಸ್ ನೋಡುತ್ತ ಮಗುವಿಗೆ ಓದು ಎಂದರೆ ನಡೆಯುವುದಿಲ್ಲವೆಂದು ಬಿಡಿಸಿ ಹೇಳಬೇಕಾಗಿಲ್ಲ. ಟ್ಯೂಷನ್ನಿಗೆ ಹಾಕಿದ ಮಾತ್ರಕ್ಕೆ ಮನೆಯ ಅರ್ಧ ಗಂಟೆ ತಪ್ಪುವುದಿಲ್ಲ. ಎರಡು ತಾಸು ಇನ್ನೊಬ್ಬರ ಮುಂದೆ ಕುಳಿತು ಬಂದ ಮಗುವಿಗೆ ಒಬ್ಬನೇ ಕುಳಿತು ಮಾಡುವ ಅಭ್ಯಾಸ ಆಗಿರುವುದಿಲ್ಲ.

ಹೊಡೆಯುವ ವಿಷಯ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿದೆ. ಹೀಗಿದ್ದರೂ ‘ನಾಲ್ಕು ಬಿಡ್ರಿ ಸರ್, ನಾವೇನ್ ಕೇಳಂಗಿಲ್ಲ’ ಎಂದು ಶಾಲೆಗೇ ಬಂದು ಅಪ್ಪಣೆ ಕೊಡುವ ತಂದೆಯರು ನನಗೆ ಸೇವೆಯುದ್ದಕ್ಕೂ ಸಿಕ್ಕಿದ್ದಾರೆ. ಪೆಟ್ಟು ತಿಂದು ಬರೆಯುವ ಮಗು ಪುಟ ತುಂಬಿಸುತ್ತದೆ, ಹೊಡೆಯುವವರು ಊರಲ್ಲಿಲ್ಲದ ದಿನ ತುಂಬಿಸುವುದಿಲ್ಲ. ಬರೆಯದ ದಿನ ಏನು ಮಾಡಬೇಕು? ಏನೂ ಮಾಡಬೇಡಿ. ನೀವು ಬರೆದುಕೊಡಬೇಡಿ, ಅಕ್ಕನಿಂದ ಬರೆಸಬೇಡಿ, ಹೊಟ್ಟೆನೋವೆಂದು ಚೀಟಿ ಕಳುಹಿಸಬೇಡಿ. ಖಾಲಿ ಪುಟದೊಂದಿಗೆ ಶಾಲೆಗೆ ಹೋಗಿ ಅದಕ್ಕೆ ತಾನೇ ಉತ್ತರ ಕೊಡಲಿ. ತಪ್ಪು ಬರೆದಿದ್ದರೆ ತಪ್ಪಾಗಿಯೇ ಹೋಗಲಿ. ನೀವು ತಿದ್ದಿ ಕಳುಹಿಸಿದರೆ ಮಗುವಿಗೆ ಎಲ್ಲಿ ತಿಳಿದಿಲ್ಲ ಎಂಬುದು ಮಾಸ್ತರರಿಗೆ ಗೊತ್ತಾಗುವುದಿಲ್ಲ.

ವೇದಿಕೆಯ ಮೇಲಿರುವ ಗುರುಗಳಲ್ಲಿಯೂ ಒಂದು ಮಾತು ಕೇಳಿಕೊಳ್ಳುತ್ತೇನೆ. ನೋಡದ ಹೋಂವರ್ಕ್ ಒಂದೇ ವಾರದಲ್ಲಿ ಸತ್ತುಹೋಗುತ್ತದೆ. ಅರವತ್ತು ನೋಟ್‌ಬುಕ್ಕುಗಳನ್ನು ದಿನವೂ ಓದಿ ತಿದ್ದುವುದು ಕಷ್ಟವೆಂದು ನನಗೆ ಗೊತ್ತು, ನಾನೂ ಪೂರ್ತಿಯಾಗಿ ಮಾಡಿದವನಲ್ಲ. ಕಡಿಮೆ ಕೊಡಿ, ಐದೇ ಲೆಕ್ಕ ಕೊಡಿ, ಆದರೆ ಅದೇ ದಿನದ ತಾರೀಖಿನೊಂದಿಗೆ ಕೆಂಪು ಶಾಯಿಯ ಒಂದು ಗುರುತು ಪ್ರತಿ ಪುಟದ ಮೇಲೆ ಇರಲಿ. ಓದಲು ಬಾರದ ತಾಯಿ ನಿಮ್ಮೊಂದಿಗೆ ಮಾತನಾಡುವುದು ಆ ಗುರುತಿನ ಮೂಲಕವೇ.

ಕೊನೆಯಲ್ಲಿ ತಾಂಡಾದಿಂದ ಬಂದ ತಂದೆಯೊಬ್ಬರು ಎದ್ದು ನಿಂತು ಕೇಳಿದ ಪ್ರಶ್ನೆಗೆ ಉತ್ತರಿಸುತ್ತೇನೆ. ‘ದೀಪಾವಳಿ ಆದ್ಮ್ಯಾಲ ನಾವು ಪುಣೆ ಕಡೆ ದುಡೀಲಿಕ್ ಹೋಗ್ತೇವ್ರಿ, ಆವಾಗ ಈ ರೂಢಿ ಎಲ್ಲಿ ಉಳೀತದ್ರಿ ಸರ್?’ ಎಂದರು. ಗುಳೆ ಹೋಗುವವರಿಗೆ, ತೊಗರಿ ರಾಶಿಯ ಕಾಲಕ್ಕೆ ಹೊಲದಲ್ಲೇ ಬೀಡುಬಿಡುವವರಿಗೆ ನಾನು ಇಷ್ಟು ಹೊತ್ತು ಹೇಳಿದ್ದು ಹೊಂದುವುದಿಲ್ಲವೆಂಬ ಅವರ ಮಾತಿನಲ್ಲಿ ನ್ಯಾಯವಿದೆ. ಸಾಧ್ಯವಿದ್ದರೆ ಮಗುವನ್ನು ಅಜ್ಜಿಯ ಬಳಿಯಲ್ಲೋ ಹಾಸ್ಟೆಲಿನಲ್ಲೋ ಬಿಟ್ಟುಹೋಗಿ. ಅಜ್ಜಿಯೂ ರೊಟ್ಟಿ ಬಡಿಯುತ್ತಾಳೆ, ಅಜ್ಜಿಗೂ ಕೇಳಲು ಬರುತ್ತದೆ. ಕರೆದುಕೊಂಡೇ ಹೋಗಬೇಕಾದರೆ ಹೋಗುವ ಮುನ್ನ ಮಾಸ್ತರರಿಗೆ ತಿಳಿಸಿ, ಯಾವ ಪಾಠಗಳವರೆಗೆ ಓದಿಸಬೇಕೆಂದು ಪುಸ್ತಕದಲ್ಲೇ ಗುರುತು ಹಾಕಿಸಿಕೊಳ್ಳಿ. ಹೋದ ಊರಿನ ಶಾಲೆ ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಮಗುವನ್ನು ಹಿಂದಕ್ಕೆ ಕಳುಹಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಸೆಕ್ಷನ್ ಅದನ್ನು ಸ್ಪಷ್ಟವಾಗಿ ಹೇಳಿದೆ. ಅಲ್ಲಿಯೂ ಮೂರು ಕಲ್ಲಿನ ಒಲೆ ಹೂಡುತ್ತೀರಿ, ಅಲ್ಲಿಯೂ ಸಂಜೆ ರೊಟ್ಟಿ ಆಗುತ್ತದೆ. ಗಂಟುಮೂಟೆ ಕಟ್ಟುವಾಗ ಪಾಟಿಚೀಲವನ್ನು ಹಾಸಿಗೆಯ ಗಂಟಿನ ಒಳಗೆ ಸೇರಿಸಬೇಡಿ, ಎಲ್ಲಕ್ಕಿಂತ ಮೇಲೆ ಇಡಿ. ಇಳಿದ ದಿನ ಸಂಜೆಯೇ ಅದು ಕೈಗೆ ಸಿಗಬೇಕು.